ನಾಲ್ಕು ಖಾಲಿ ಪೆಟ್ಟು

ಸುಮನಾ ಡ್ಯೂಟಿ ಮುಗಿಸಿ ಮನೆಯ ಹೊಸ್ತಿಲು ದಾಟುವಾಗಲೇ ಹಾಲು ಸೀದ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಅದರ ಪಕ್ಕದಲ್ಲೇ ಗಂಡ ರುದ್ರಮೂರ್ತಿ ಕಣ್ಣು ಮುಚ್ಚಿಕೊಂಡು, ಲಟ್ಟಣಿಗೆಯಿಂದ ಸಕ್ಕರೆ ಡಬ್ಬಿಯ ಮೇಲೆ ತಾಳ ಹಾಕುತ್ತ ನಿಂತಿದ್ದ.

"ರೀ, ಹಾಲು!"

"ಒಂದ್ನಿಮಿಷ ತಡಿಯೇ. ಪ್ರಾಸ ಬಾಯಿಗೆ ಬಂದೈತೆ, ಜಾರಿಬಿಡುತ್ತೆ."

"ಹಾಲು ಆಗಲೇ ಜಾರಿ ಬಚ್ಚಲಿಗೆ ಹೋಯ್ತು. ಇನ್ನು ಪ್ರಾಸದಲ್ಲೇ ಕಾಫಿ ಕಾಯಿಸ್ಕಂಡು ಕುಡೀರಿ."

ಸುಮನಾ ಕಡೂರು ಡಿಪೋದಲ್ಲಿ ಬಸ್ ಕಂಡಕ್ಟರು. ಬೆಳಿಗ್ಗೆ ಐದೂಕಾಲಿಗೆ ಹೊರಡುವ ಅಜ್ಜಂಪುರ, ಬುಕ್ಕಾಂಬುಧಿ ಬಸ್ಸು ಅವಳದು. ಅವಳು ಏಳುವುದು ನಾಲ್ಕೂವರೆಗೆ. ಮಧ್ಯಾಹ್ನ ಮೂರಕ್ಕೆ ಮನೆಗೆ ಬರುವವರೆಗೆ ಒಲೆ, ನೀರು, ಪಾತ್ರೆ ಎಲ್ಲವೂ ಗಂಡನ ಸುಪರ್ದಿ. ಅವನದು ಮನೆಯಲ್ಲೇ ಇದ್ದು ಮಾಡುವ ಉದ್ಯೋಗ. ಅವನು ವೇದಿಕೆ ಕವಿ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಯಾರ ಮನೆಯ ಆರತಕ್ಷತೆಯಿರಲಿ, ಗೃಹಪ್ರವೇಶವಿರಲಿ, ಮೇಷ್ಟ್ರ ಬೀಳ್ಕೊಡುಗೆಯಿರಲಿ, ಸಾವಿನ ಮನೆಯ ನುಡಿನಮನವಿರಲಿ, ಆ ಮನೆಯ ಜನರ ಹೆಸರುಗಳನ್ನೆಲ್ಲ ಕೋದು ಪದ್ಯ ಕಟ್ಟಿ, ಕೈಯಲ್ಲಿ ದಮ್ಮಡಿ ಬಡಿಯುತ್ತ ಮೈಕಿನ ಮುಂದೆ ಹೇಳುತ್ತಾನೆ. ಹಿಂದೆ ಕೂತು ಹಿಮ್ಮೇಳ ಹಾಡುವವರು ಅವನ ತಾಯಿ ತೀರ್ಥಮ್ಮ ಮತ್ತು ಡಿಗ್ರಿ ಓದುತ್ತಿರುವ ಮಗಳು ತನುಜಾ. ಅವನು ಅರ್ಧ ಸಾಲು ಹೇಳಿದರೆ ಉಳಿದರ್ಧ ಅವರದು.

ಒಂದು ಅಕ್ಷರವನ್ನೂ ಅವನು ಬರೆದಿಡುವವನಲ್ಲ. ಪಾತ್ರೆ ಉಜ್ಜುತ್ತ, ಬೆಳ್ಳುಳ್ಳಿ ಸುಲಿಯುತ್ತ ಒಂದೇ ಪದ್ಯವನ್ನು ನೂರು ಸಲ ಹೇಳಿ ಹೇಳಿ ಗಟ್ಟಿ ಮಾಡುತ್ತಾನೆ. ವಾರ ಕಳೆಯುವಷ್ಟರಲ್ಲಿ ಆ ಪದ್ಯ ಮನೆಯವರಿಗೆಲ್ಲ ಬಾಯಿಪಾಠ. ಒಮ್ಮೆ ಬೀರೂರು ಸ್ಟಾಪಿನಲ್ಲಿ "ರೈಟ್ ರೈಟ್" ಅನ್ನಬೇಕಾದ ಕಡೆ ಸುಮನಾ ಯಾರದೋ ಮದುವೆಯ ಗಂಡಿನ ಹೆಸರು ಕೂಗಿದ್ದಳು. ಡ್ರೈವರ್ ದಾವೂದ್ ಸಾಬ್ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾನೆ.

"ತರೀಕೆರೆಯೋರು ಏನು ಕೊಟ್ರು?" ಕಟ್ಟೆ ಒರೆಸುತ್ತ ಸುಮನಾ ಕೇಳಿದಳು.

ರುದ್ರಮೂರ್ತಿ ಲಟ್ಟಣಿಗೆ ಕೆಳಗಿಟ್ಟ. ಉತ್ತರ ಹೇಳಿದ್ದು ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ತೀರ್ಥಮ್ಮ. "ಶಾಲು ಕಣೇ. ಒಂದು ಅನಾನಸು ಹಣ್ಣು. ಮತ್ತೆ ಅದೇನದು, ಗಾಜಿನ ವೀಣೆ."

"ಮತ್ತೆ ಶಾಲಾ! ಅತ್ತೆ, ಎಷ್ಟಾದ್ವು ಈಗ?"

"ಅರವತ್ನಾಕು. ಉಪ್ಪಿನಕಾಯಿ ಜಾಡಿಗೆ ಒಂದು ಹೊದಿಸಿದೀನಿ, ಮಿಕ್ಸಿಗೆ ಒಂದು. ನನ್ನ ಹೆಣಕ್ಕೂ ಹೊಸದು ತರೋದು ಬೇಡ, ಹಸಿರಂಚಿಂದು ತೆಗೆದಿಟ್ಟಿದೀನಿ."

"ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು," ಅಂದ ರುದ್ರಮೂರ್ತಿ.

"ಆ ಚಪ್ಪಾಳೆನ ಅಂಗಡಿಗೆ ತಗಂಡ್ಹೋಗಿ, ಒಂದು ಲೀಟರ್ ಹಾಲು ಕೊಡ್ತಾರೇನೋ ನೋಡಿ," ಎಂದಳು ಸುಮನಾ.

ಹೀಗೆಲ್ಲ ಸಿಡಿಮಿಡಿಗುಟ್ಟಿದರೂ ಆ ಸಂಸಾರ ನಡೆದುಕೊಂಡು ಬಂದಿದ್ದಕ್ಕೆ ಒಂದು ಆಧಾರವಿತ್ತು, ಹದಿನಾಲ್ಕು ವರ್ಷದಿಂದ ಇದ್ದ ಆ ಬಾಡಿಗೆ ಮನೆ. ಡಿಪೋಗೆ ಐದು ನಿಮಿಷದ ಹಾದಿ. ಹಿತ್ತಿಲಲ್ಲಿ ಬಾವಿ, ಎರಡು ತೆಂಗು. ಮನೆಯ ಯಜಮಾನರು ಕೊಬ್ಬರಿ ವ್ಯಾಪಾರದ ಸೋಮಶೇಖರಪ್ಪ, ಬಾಡಿಗೆ ಏರಿಸುವ ಮಾತನ್ನೇ ಎತ್ತದ ಮನುಷ್ಯ. "ಹೊತ್ತು ಮೂಡೋ ಮುಂಚೆ ಹೆಣ್ಮಗಳು ಡ್ಯೂಟಿಗೆ ಹೋಗ್ಬೇಕು, ಹತ್ರ ಇರ್ಲಿ ಬಿಡು," ಅಂದಿದ್ದರು. ಅವರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಶಿವರಾತ್ರಿ ಕಳೆದ ಮೂರನೇ ದಿನ ತೀರಿಕೊಂಡರು.

ಮರುದಿನ ಬೆಳಗಿನ ಬಸ್ಸಿನಲ್ಲಿ ಸುಮನಾ ಬುಕ್ಕಾಂಬುಧಿ ಸ್ಟಾಪಿನ ಕಡೆ ಎರಡೆರಡು ಸಲ ಕತ್ತು ಚಾಚಿ ನೋಡಿದಳು. ಅಲ್ಲಿ ಹತ್ತುವ ಮಲ್ಲಿಕಾಂಬ ಸೋಮಶೇಖರಪ್ಪನವರ ಮಗಳು. ಇಪ್ಪತ್ತು ವರ್ಷದ ಹಿಂದೆ ಬೇರೆ ಜಾತಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ ಹೋದವಳು. ಅಣ್ಣತಮ್ಮಂದಿರ ಪಾಲಿಗೆ ಅವಳು ಅವತ್ತೇ ಸತ್ತಿದ್ದಳು. ಆದರೆ ಈ ಒಂದು ವರ್ಷ, ಪ್ರತಿ ಮಂಗಳವಾರ, ಗಂಡಸರೆಲ್ಲ ಮಂಡಿಗೆ ಹೋದ ಹೊತ್ತು ನೋಡಿ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ ಅಪ್ಪನಿಗೆ ಗಂಜಿ ಕುಡಿಸಿ ಬರುತ್ತಿದ್ದಳು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ, ಹೆಂಗಸರಿಗೆ ಕೊಡುವ ಸೊನ್ನೆ ದುಡ್ಡಿನ ಟಿಕೇಟು ಈಸಿಕೊಂಡು, ಸುಮನಾಳ ಸೀಟಿನ ಪಕ್ಕವೇ ಕೂತು ಇದನ್ನೆಲ್ಲ ಹೇಳಿಕೊಂಡಿದ್ದಳು. ಸುಮನಾ ಅದನ್ನು ಮನೆಯಲ್ಲಿ ಮುದ್ದೆ ಉಣ್ಣುವಾಗ ಹೇಳಿದ್ದಳು. ಹೇಳಬಾರದಿತ್ತು.

ಆ ದಿನ ಮಲ್ಲಿಕಾಂಬ ಹತ್ತಿದಳು. ಕಣ್ಣು ಊದಿಕೊಂಡಿತ್ತು.

"ಮುಖ ನೋಡಕ್ಕೆ ಬಿಟ್ರಾ ಮಲ್ಲಕ್ಕ?"

"ಮಣ್ಣಾದ ಮೇಲೆ ಗೊತ್ತಾಯ್ತಮ್ಮ ನಂಗೆ. ಈಗ ಗದ್ದಿಗೆಗಾದ್ರೂ ಕೈ ಮುಗಿದು ಬತ್ತೀನಿ." ಟಿಕೇಟನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಅಂದಳು, "ನುಡಿನಮನ ನಿಮ್ಮನೆಯೋರದ್ದೇ ಅಂತೆ. ತೋಟ, ಮನೆ ನಂಗೇನೂ ಬೇಡ ಸುಮನಾ. ಮಕ್ಕಳ ಹೆಸ್ರು ಹೇಳೋವಾಗ ನಂದೂ ಒಂದು ಬಂದ್ರೆ ಸಾಕು."

ಸುಮನಾ ಸೀಟಿನಿಂದ ಎದ್ದಳು. ಮುಂದಿನ ಸ್ಟಾಪು ಬಂದಿತ್ತು.

ಅವಳು ಏನೂ ಹೇಳಬೇಕಾಗಿಯೇ ಇರಲಿಲ್ಲ. ಮನೆಗೆ ಬಂದರೆ ಪದ್ಯ ಆಗಲೇ ಅರ್ಧ ಆಗಿತ್ತು. ರುದ್ರಮೂರ್ತಿ ಬಾವಿಕಟ್ಟೆಯ ಮೇಲೆ ಬಟ್ಟೆ ಕುಕ್ಕುತ್ತ ಹೇಳುತ್ತಿದ್ದ, ತಾಯಿ ಮಗಳು ಉತ್ತರ ಕೊಡುತ್ತಿದ್ದರು.

"ಹಿರಿಮಗ ಪ್ರಸನ್ನ..."

"ಹೆಗಲಾಗಿ ನಿಂತ."

"ಕಿರಿಮಗ ಅಜ್ಜಯ್ಯ..."

"ಊರುಗೋಲಾದ."

"ಮಗಳು ಮಲ್ಲಿಕಾಂಬ..."

"ಗಂಜಿ ಕುಡಿಸಿದಳು."

ಆಮೇಲೆ ಮೂವರೂ ಸೇರಿ, "ತೂಗಿ ಕೊಟ್ಟ ಅಯ್ಯ ತೂಗದೇ ಹೋದ."

ಎಂಟು ದಿನ ಇದೇ. ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಇದು, ಹಾಸಿಗೆ ಹಾಸುವಾಗ ಇದು. ಸುಮನಾ ಹತ್ತಿ ತುರುಕಿಕೊಂಡರೂ ಕಿವಿಯೊಳಗೆ ಇದು.

ಒಂಬತ್ತನೇ ದಿನ ಹಿರಿಮಗ ಪ್ರಸನ್ನಕುಮಾರ್ ಖುದ್ದಾಗಿ ಮನೆಗೆ ಬಂದ. ಚಾಪೆಯ ಮೇಲೆ ಕೂರದೆ ನಿಂತೇ ಒಂದು ಚೀಟಿ ಕೊಟ್ಟ. "ಹೆಸರು ಇಷ್ಟೇ ಮೂರ್ತಿ. ನಾನು, ಅಜ್ಜಯ್ಯ, ಸೊಸೆದೀರು, ಮೊಮ್ಮಕ್ಕಳು. ಇದ್ರ ಮೇಲೆ ಒಂದು ಹೆಸರೂ ಬೇಡ."

"ಅಲ್ಲ ಪ್ರಸನ್ನಣ್ಣ, ಮಗಳು..."

"ಯಾವ ಮಗಳು?" ಪ್ರಸನ್ನಕುಮಾರ್ ಸೂರು ನೋಡಿದ, ಗೋಡೆ ನೋಡಿದ. "ಹೆಂಚು ಕೈಯಾಡಿಸಬೇಕು ಕಣಪ್ಪ. ಅಪ್ಪಾಜಿ ಇದ್ದಂಗೇ ನಡ್ಕೊಂಡು ಹೋಗ್ಲಿ ಅಂತ ನಮ್ಗೂ ಆಸೆ. ಅಜ್ಜಯ್ಯನಿಗೆ ಮಾತ್ರ ಇಲ್ಲಿ ಗೋಡೌನ್ ಮಾಡ್ಬೇಕು ಅಂತಿದೆ. ನೋಡಣ. ಎಲ್ಲ ಚೆನ್ನಾಗಿ ಆಗ್ಲಿ ಮೊದ್ಲು."

ಅವನು ಹೋದ ಮೇಲೆ ಯಾರೂ ಊಟಕ್ಕೆ ಏಳಲಿಲ್ಲ. ಸಾರು ಆರಿತು.

"ತೆಗೀರಿ ಆ ಸಾಲನ್ನ," ಅಂದಳು ಸುಮನಾ.

"ತೆಗೆಯೋಕೆ ಅದೇನು ಸಾರಿನ ಕರಿಬೇವಾ? ಗಂಜಿ ಕುಡಿಸಿದ ವಿಷಯ ಈ ಮನೆಗೆ ತಂದೋಳೇ ನೀನು."

"ತಂದಿದ್ದು ನನ್ನ ತಪ್ಪು. ಚಪ್ಪಲೀಲಿ ಹೊಡ್ಕೋತೀನಿ ಬೇಕಾದ್ರೆ. ಈ ಮನೆ ಬಿಟ್ರೆ ಎಲ್ಲಿಗೆ ಹೋಗ್ತೀರಿ? ರೈಲ್ವೆ ಗೇಟಿನಾಚೆ ಮನೆ ಹಿಡಿದ್ರೆ ನಾನು ಮೂರೂವರೆಗೆ ಏಳ್ಬೇಕು. ಆ ಕತ್ತಲಲ್ಲಿ ನಾಯಿಗಳ ಜೊತೆ ನಡ್ಕೊಂಡು ಹೋಗೋಳು ನಾನು, ನಿಮ್ಮ ಪ್ರಾಸ ಅಲ್ಲ."

ತೀರ್ಥಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. "ಲೇ ರುದ್ರಾ, ಅವಳು ಹೇಳೋದ್ರಲ್ಲೂ ನ್ಯಾಯ ಐತೆ. ಆದ್ರೆ ಸತ್ತೋರ ಮುಂದೆ ಹುಟ್ಟಿದ ಮಗೂನ ಬಿಟ್ಟು ಎಣಿಸಬಾರದು ಕಣಪ್ಪ."

"ಅತ್ತೆ, ನೀವು ಯಾರ ಕಡೆ?"

"ನಾನು ಎಲೆಯಡಿಕೆ ಕಡೆ," ಎಂದು ತೀರ್ಥಮ್ಮ ಸುಣ್ಣ ಸವರಿಕೊಂಡಳು.

ಮೂಲೆಯಿಂದ ತನುಜಾ ಎದ್ದಳು. "ಆ ಸಾಲು ತೆಗೆದ್ರೆ ನಾನು ಹಿಮ್ಮೇಳಕ್ಕೆ ಬರಲ್ಲ. ನಾಳೆ ನಾನು ಯಾರನ್ನಾದ್ರೂ ಇಷ್ಟಪಟ್ಟು ಮದುವೆ ಆದ್ರೆ ನನ್ನ ಹೆಸರೂ ಹಿಂಗೇ ತೆಗೀತೀಯೇನಮ್ಮ?"

"ಮೊದಲು ಪಾಸಾಗೇ, ಆಮೇಲೆ ಇಷ್ಟಪಡುವಂತೆ!"

"ಬರಲ್ಲ ಅಂದ್ರೆ ಬರಲ್ಲ."

ತನುಜಾ ಹೋಗಿ ಕದ ಹಾಕಿಕೊಂಡಳು. ರುದ್ರಮೂರ್ತಿ ಹೆಂಡತಿಯ ಮುಖ ನೋಡಿದ. ಡ್ಯೂಟಿಯ ಖಾಕಿ ಕೋಟನ್ನು ಅವಳಿನ್ನೂ ಬಿಚ್ಚಿರಲಿಲ್ಲ. ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟು, "ಆಯ್ತು, ಬಿಡ್ತೀನಿ," ಅಂದ. "ಆದ್ರೆ ಅಮ್ಮ ಒಬ್ಬಳದ್ದೇ ದನಿ ಏಳಲ್ಲ. ಹಿಮ್ಮೇಳಕ್ಕೆ ಮತ್ತೆ ಯಾರು?"

"ನಾನೇ ಬರ್ತೀನಿ. ರಜ ಹಾಕ್ತೀನಿ. ಎಂಟು ದಿನ ರುಬ್ಬಿದೀರಲ್ಲ, ನಂಗೇನು ಬರಲ್ವಾ?"

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಐನೂರು ಜನ ಸೇರಿದ್ದರು. ಮಂಡಿಯ ಅಂಗಳದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಮಠದ ಸ್ವಾಮಿಗಳು, ಹಾರ ಹಾಕಿದ ದೊಡ್ಡ ಫೋಟೋ, ಪಕ್ಕದಲ್ಲಿ ಬಿಳಿ ಪಂಚೆಯ ಅಣ್ಣತಮ್ಮಂದಿರು. ಹಿಂದೆ ಹೋಳಿಗೆ ಬೇಯುತ್ತಿತ್ತು. ವಿಡಿಯೋದವನು ಲೈಟು ಹಿಡಿದುಕೊಂಡು ಓಡಾಡುತ್ತಿದ್ದ. ಸುಮನಾ ಸೆರಗು ಸರಿಮಾಡಿಕೊಂಡು ಅತ್ತೆಯ ಪಕ್ಕ ಮೈಕಿನ ಮುಂದೆ ಕೂತಳು. ಬಸ್ಸಿನಲ್ಲಿ ಗಂಟಲು ಹರಿದುಕೊಂಡು ಕೂಗುವವಳಿಗೆ ಇಲ್ಲಿ ಬಾಯಿ ಒಣಗಿತು.

ಸುಮ್ಮನೆ ಕೂರಲಾರದೆ ಅವಳ ಕಣ್ಣು ತಲೆ ಎಣಿಸತೊಡಗಿತು. ಬಸ್ಸು ತುಂಬಿದಾಗ ಹಿಂದಿನಿಂದ ಮುಂದಕ್ಕೆ ಎಣಿಸಿಕೊಂಡು ಬರುವ ಅಭ್ಯಾಸ. ಹಾಗೆ ಎಣಿಸುತ್ತ ಕೊನೆಯ ಸಾಲಿಗೂ ಆಚೆ, ನೀರಿನ ಡ್ರಮ್ಮಿನ ಪಕ್ಕ, ಮಲ್ಲಿಕಾಂಬ ನಿಂತಿರುವುದು ಕಂಡಿತು. ಕುರ್ಚಿಗಳು ಖಾಲಿಯಿದ್ದವು. ಕೂರು ಅಂದವರಿಲ್ಲ.

ರುದ್ರಮೂರ್ತಿ ದಮ್ಮಡಿ ಎತ್ತಿಕೊಂಡ. ಬಾಯಿ ತೆರೆದರೆ ಅವನು ಬೇರೆಯೇ ಮನುಷ್ಯ. ಹಾಲು ಉಕ್ಕಿಸುವವನು ಇವನೇ ಅಂದರೆ ಯಾರೂ ನಂಬಲಾರರು. ಸೋಮಶೇಖರಪ್ಪನವರು ತಕ್ಕಡಿ ಹಿಡಿದು ನಿಲ್ಲುತ್ತಿದ್ದ ಬಗೆ, ಕೂಲಿಯವರಿಗೆ ಹೋಳು ಕೊಬ್ಬರಿ ಕೊಟ್ಟು ಕಳಿಸುತ್ತಿದ್ದ ಬಗೆ ಹೇಳುತ್ತ ಹೋದಂತೆ ಮುದುಕರು ಟವೆಲಿನಿಂದ ಕಣ್ಣೊರೆಸಿಕೊಂಡರು.

"ಹಿರಿಮಗ ಪ್ರಸನ್ನ..."

"ಹೆಗಲಾಗಿ ನಿಂತ," ಅಂದರು ಅತ್ತೆ ಸೊಸೆ.

"ಕಿರಿಮಗ ಅಜ್ಜಯ್ಯ..."

"ಊರುಗೋಲಾದ."

ಇಲ್ಲಿಂದ ನೇರ "ತೂಗಿ ಕೊಟ್ಟ ಅಯ್ಯ" ಎತ್ತಿಕೊಳ್ಳಬೇಕು. ಹಾಗಂತ ಮನೆಯಲ್ಲಿ ಮಾತಾಗಿತ್ತು. ರುದ್ರಮೂರ್ತಿ ಆ ಸಾಲಿನ ಮಾತು ಬಿಟ್ಟ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಎಂಟು ದಿನ ಬಡಿದ ಕೈ ತಾಳ ಬಿಡಲಿಲ್ಲ. ಮೂರನೇ ಹೆಸರಿಗೆ ಇದ್ದ ನಾಲ್ಕು ಪೆಟ್ಟು ದಮ್ಮಡಿಯ ಮೇಲೆ ಖಾಲಿಯಾಗಿ ಬಿದ್ದವು.

ಒಂದು. ಎರಡು.

ನೀರಿನ ಡ್ರಮ್ಮಿನ ಪಕ್ಕ ನಿಂತವಳು ತಲೆ ತಗ್ಗಿಸಿದಳು.

"ಮಗಳು ಮಲ್ಲಿಕಾಂಬ ಗಂಜಿ ಕುಡಿಸಿದಳು!"

ಶಾಮಿಯಾನದ ನಾಲ್ಕೂ ಸ್ಪೀಕರಿನಲ್ಲಿ ಆ ದನಿ ಮೊಳಗಿದ ಮೇಲೆ ಅದು ತನ್ನದೇ ಅನ್ನುವುದು ಸುಮನಾಗೆ ಗೊತ್ತಾಯಿತು. ಬೀರೂರು ಸ್ಟಾಪಿನಲ್ಲಿ ಕೂಗುವ ದನಿಯೇ. ತೀರ್ಥಮ್ಮ ಸೊಸೆಯನ್ನೊಮ್ಮೆ ನೋಡಿ, ಒಂದು ಕ್ಷಣವೂ ತಡಮಾಡದೆ "ತೂಗಿ ಕೊಟ್ಟ ಅಯ್ಯ" ಎತ್ತಿಕೊಂಡಳು.

ಮುಂದಿನ ಸಾಲಿನ ಮುದುಕನೊಬ್ಬ ಜೋರಾಗಿಯೇ ಅಂದ, "ಹೌದಲ್ಲ ಮಾರಾಯ, ಮಗಳೊಬ್ಬಳಿದ್ಲಲ್ಲ!" ಐನೂರು ತಲೆ ಹಿಂದಕ್ಕೆ ತಿರುಗಿದವು. ವಿಡಿಯೋದವನು ಕೂಡ ಲೈಟು ತಿರುಗಿಸಿದ. ಸ್ವಾಮಿಗಳು ಕೈಸನ್ನೆ ಮಾಡಿ ಆ ಹೆಣ್ಣುಮಗಳನ್ನು ಕುರ್ಚಿಯಲ್ಲಿ ಕೂರಿಸಲು ಹೇಳಿದರು.

ಕೊನೆಗೆ ಪ್ರಸನ್ನಕುಮಾರ್ ಮುಖ ನೋಡದೆ ರುದ್ರಮೂರ್ತಿಗೆ ಒಂದು ಶಾಲು ಹೊದಿಸಿದ. ಅರವತ್ತೈದು.

ಮನೆಯ ಬಾಗಿಲು ಹಾಕಿದ ಕೂಡಲೇ ಸುಮನಾ ಶುರುಮಾಡಿದಳು.

"ಮಾತು ಬಿಟ್ಟೋರು ತಾಳ ಯಾಕೆ ಬಡಿದ್ರಿ?"

"ನಾನು ಬಿಟ್ಟೆನಲ್ಲೇ! ಕಿರುಚಿದೋಳು ನೀನು!"

"ಖಾಲಿ ಬಡಿತಾ ಇದ್ರೆ ಬಾಯಿ ಸುಮ್ನಿರುತ್ತಾ? ಎಂಟು ದಿನ ತಲೇಲಿ ತುರುಕಿದೋರು ಯಾರು?"

ತನುಜಾ ನಗು ತಡೆಯಲಾರದೆ ದಿಂಬಿಗೆ ಮುಖ ಒತ್ತಿದಳು. "ನಿಂಗೇನೇ ನಗು? ಪಾತ್ರೆ ತೊಳಿ ಹೋಗು!" ಎಂದು ಸುಮನಾ ಅವಳ ಮೇಲೂ ಹಾರಾಡಿದಳು. ರಾತ್ರಿ ಅನ್ನ ಬಡಿಸುವಾಗ ಮಾತ್ರ ಮೆಲ್ಲಗೆ ಕೇಳಿದಳು, "ಅತ್ತೆ, ಬಿಡಿಸ್ತಾರಾ ಮನೇನ?"

"ಬಿಡಿಸ್ತಾರೆ ಕಣೇ. ಮಜ್ಜಿಗೆ ಹಾಕು."

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಅಣ್ಣತಮ್ಮಂದಿರಿಬ್ಬರೂ ಬಂದರು. ಈ ಸಲ ಚಾಪೆಯ ಮೇಲೆ ಕೂತರು. ಖಾತೆ ತಮ್ಮ ಹೆಸರಿಗೆ ಮಾಡಿಸಲು ವಂಶವೃಕ್ಷದ ಅರ್ಜಿ ಹಾಕಿದ್ದರಂತೆ, ಇಬ್ಬರೇ ಮಕ್ಕಳು ಅಂತ ಬರೆಸಿ. ಅಷ್ಟರಲ್ಲಿ ಆ ವಿಡಿಯೋ ಊರವರ ಫೋನಿನಲ್ಲೆಲ್ಲ ಹರಿದಾಡಿ, ಅರ್ಜಿ ನೋಡಿದ ನೌಕರ "ಗಂಜಿ ಕುಡಿಸಿದ ಮಗಳು ಯಾರು ಸ್ವಾಮಿ?" ಎಂದು ಕೇಳಿ ಕಾಗದ ವಾಪಸು ಮಾಡಿದ್ದನಂತೆ.

"ಒಂದು ಸಣ್ಣ ಸಹಾಯ," ಅಂದ ಪ್ರಸನ್ನಕುಮಾರ್. "ಫೋನಿನ ಮುಂದೆ ಕೂತ್ಕೊಂಡು ಎರಡು ಮಾತು. ಹಾಡೋ ಭರದಲ್ಲಿ ಬಾಯಿ ತಪ್ಪಿ ಯಾವುದೋ ಹೆಸರು ಬಂತು, ಆ ಮನೆಗೆ ಹೆಣ್ಣುಮಕ್ಕಳಿಲ್ಲ ಅಂತ. ಅಷ್ಟೇ. ಮನೆ ನಿಮ್ಮದೇ ಅಂದ್ಕಳಿ, ಇರೋ ಅಷ್ಟು ದಿನ ಇರಿ."

ರುದ್ರಮೂರ್ತಿ ಹೆಂಡತಿಯ ಕಾಲು ನೋಡಿದ. ಹಿಮ್ಮಡಿ ಒಡೆದು ಹತ್ತಿ ಕಟ್ಟಿಕೊಂಡಿದ್ದಳು. ಅವನು ಗಂಟಲು ಸರಿಮಾಡಿಕೊಂಡ. "ಕಟ್ಟಿದ ಕವಿ ನಾನು. ತಪ್ಪು ನಂದೇ ಅಂತ ನಾನೇ ಹೇಳ್ತೀನಿ, ಅವಳನ್ನ ಬಿಡಿ."

"ನೀವು ಸುಮ್ನಿರಿ," ಅಂದಳು ಸುಮನಾ. "ಪದ್ಯ ನಿಮ್ದು. ಅವತ್ತು ಕೂಗಿದ್ದು ನಾನು."

"ಹಂಗಾದ್ರೆ ನೀನೇ ಹೇಳಮ್ಮ," ಅಂದ ಅಜ್ಜಯ್ಯ, ಫೋನು ಎತ್ತಿ ಹಿಡಿದು.

ಸುಮನಾ ಫೋನನ್ನೇ ನೋಡಿದಳು. ಹದಿನಾಲ್ಕು ವರ್ಷದ ಬಾವಿ, ಐದು ನಿಮಿಷದ ಹಾದಿ, ಎಲ್ಲ ಆ ಎರಡು ಮಾತಿನಾಚೆ ಇತ್ತು. ಬಾಯಿ ತಪ್ಪಿತ್ತೋ, ತಾನೇ ಹೇಳಿದ್ದೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಮಾತ್ರ ಬಾಯಿ ಅವಳ ಹಿಡಿತದಲ್ಲೇ ಇತ್ತು.

"ಅಜ್ಜಯ್ಯಣ್ಣ, ನನ್ನ ಬಸ್ಸಲ್ಲಿ ಹೆಂಗಸ್ರು ದುಡ್ಡು ಕೊಡಲ್ಲ. ಆದ್ರೂ ಒಬ್ಬೊಬ್ಬರಿಗೂ ಟಿಕೇಟು ಹರಿದು ಕೊಡ್ಬೇಕು. ಚೆಕಿಂಗ್‌ನೋರು ಹತ್ತಿದಾಗ, ಕೂತಿರೋ ಹೆಂಗಸಿಗೆ ಟಿಕೇಟು ಇಲ್ಲ ಅಂದ್ರೆ ಅವಳನ್ನ ಕೇಳಲ್ಲ, ನನ್ನ ಕೇಳ್ತಾರೆ. ನಿಮ್ಮಕ್ಕನಿಗೆ ವರ್ಷ ಪೂರ್ತಿ ನಾನೇ ಹರಿದಿದೀನಿ. ಅವಳು ಬಸ್ಸಲ್ಲೇ ಇರ್ಲಿಲ್ಲ ಅಂತ ಹೆಂಗೆ ಹೇಳ್ಲಿ?"

"ಹಂಗಾದ್ರೆ ಯುಗಾದಿ ಒಳಗೆ ಮನೆ ಖಾಲಿ ಮಾಡಿ," ಎಂದು ಅಜ್ಜಯ್ಯ ಎದ್ದ.

"ಕಾಫಿ ಕುಡ್ಕೊಂಡು ಹೋಗಪ್ಪ," ಅಂದಳು ತೀರ್ಥಮ್ಮ. "ಹಾಲು ಇವತ್ತೊಂದಿನ ಉಕ್ಕಿಲ್ಲ."

ಯುಗಾದಿಗೆ ಮೂರು ದಿನವಿರುವಾಗ ರೈಲ್ವೆ ಗೇಟಿನಾಚೆ, ಕಾಮಾಕ್ಷಮ್ಮ ಎಂಬುವರ ಮನೆಯ ಹಿಂಭಾಗದ ಎರಡು ಕೋಣೆ ಸಿಕ್ಕಿತು. ಬಾವಿಯಿಲ್ಲ, ಎರಡು ದಿನಕ್ಕೊಮ್ಮೆ ನಲ್ಲಿ. ಸಾಮಾನು ಸಾಗಿಸುವ ದಿನ ಶಾಲುಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಗಾಜಿನ ಲೋಟ, ಜಾಡಿ, ದೇವರ ಪಟ, ಮಿಕ್ಸಿ ಎಲ್ಲವನ್ನೂ ತೀರ್ಥಮ್ಮ ಒಂದೊಂದು ಶಾಲಿನಲ್ಲಿ ಸುತ್ತಿ ಕಟ್ಟಿದಳು. ಟೆಂಪೋ ದೂರದಿಂದ ಸನ್ಮಾನದ ಮೆರವಣಿಗೆಯಂತೆ ಕಾಣುತ್ತಿತ್ತು.

ಗೇಟು ಹಾಕಿತ್ತು. ಗೂಡ್ಸು ಬರುವುದಿತ್ತು. ಸುಮನಾ ಟೆಂಪೋದ ಹಿಂದೆ ಗ್ಯಾಸು ಸಿಲಿಂಡರನ್ನು ಹಿಡಿದುಕೊಂಡು ನಿಂತಿದ್ದಳು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಮೇಲೆ ಕೂತ ರುದ್ರಮೂರ್ತಿ ಸುಮ್ಮನಿರಲಾರದೆ ತಗಡಿನ ಟ್ರಂಕಿನ ಮೇಲೆ ಬೆರಳಾಡಿಸಿದ.

"ಕೈ ತೆಗೀರಿ ಅಲ್ಲಿಂದ."

ಅವನು ಕೈ ತೆಗೆದ. ತೆಗೆದ ಕೈಗೆ ಫೋನು ಬಂತು. ಪಂಚನಹಳ್ಳಿಯಲ್ಲಿ ಯಾರೋ ಹೆಡ್‌ಮೇಷ್ಟ್ರು ನಿವೃತ್ತಿಯಾಗುತ್ತಿದ್ದರು.

"ಬತ್ತೀನಿ ಸರ್, ಸಂತೋಷ. ಮನೆಯೋರ ಹೆಸ್ರು ಹೇಳಿ. ಹೆಣ್ಣುಮಕ್ಕಳದ್ದು ಮೊದ್ಲು ಹೇಳ್ಬಿಡಿ, ಆಮೇಲೆ ನಂಗೆ ತೊಂದ್ರೆ ಆಗುತ್ತೆ. ಕಾಣಿಕೆ? ಅಯ್ಯೋ, ನಿಮ್ಮ ಪ್ರೀತಿ ಸರ್, ಏನೋ ಒಂದು ಶಾಲು..."

ಸುಮನಾ ಸಿಲಿಂಡರನ್ನು ಮಗಳ ಕೈಗೆ ಕೊಟ್ಟು, ಟೆಂಪೋದ ಮೇಲೆ ಕಾಲಿಟ್ಟು, ಫೋನು ಕಿತ್ತುಕೊಂಡಳು.

"ಸ್ವಾಮಿ, ಶಾಲು ಬೇಡ. ನಮ್ಮನೇಲಿ ಅರವತ್ತೈದು ಇದಾವೆ, ಬೇಕಾದ್ರೆ ನಾವೇ ನಿಮ್ಗೆ ತಂದು ಹೊದಿಸ್ತೀವಿ. ದುಡ್ಡು ಕೊಡಿ. ನಾನಾ? ನಾನು ಅವರ ಮನೆಯೋಳು. ಎಷ್ಟು ಜನ ಅಂದ್ರಾ?" ಅವಳು ಟೆಂಪೋದತ್ತ ಒಮ್ಮೆ ಕಣ್ಣಾಡಿಸಿದಳು. ಅತ್ತೆ, ಮಗಳು, ಗಂಡ. "ನಾಲ್ಕು ಜನ. ಹಿಮ್ಮೇಳಕ್ಕೆ ಮೂರು. ಹೂಂ, ನನ್ನೂ ಸೇರಿಸ್ಕಳಿ. ಭಾನುವಾರ ಇಟ್ಕಳಿ, ಅವತ್ತು ನಂಗೆ ವಾರದ ರಜ."

ಗೂಡ್ಸು ಹೋಯಿತು. ಗೇಟು ಎದ್ದಿತು.

"ಏನು ಬಾಯಿ ತೆಕ್ಕೊಂಡು ನೋಡ್ತೀರಿ?" ಎಂದಳು ಸುಮನಾ, ಟೆಂಪೋದ ಬದಿಗೆ ಅಂಗೈಯಿಂದ ಎರಡು ಸಲ ಬಡಿದು. "ರೈಟ್, ರೈಟ್!"